ಅಟ್ಟಕ್ಕೇರಿದ ಬೊಂಬೆಗಳು

"ಸುಟ್ಟಾಕ್ಬಿಟ್ಯಾ? ಎಲ್ಲಾನೂ?"

"ಹೂಂ ಕಣೇ, ಹಂಡೆ ಒಲೆಗೆ ಹಾಕ್ದೆ. ಖಾಲಿ ರಟ್ಟಿನ ಡಬ್ಬಿ. ಅದನ್ನೇನು ದೇವ್ರ ಮನೇಲಿಟ್ಟು ಪೂಜೆ ಮಾಡ್ಬೇಕಿತ್ತಾ?"

"ಯಾರನ್ನ ಕೇಳಿ ಸುಟ್ಟೆ ಮಾವ? ಒಂದು ಫೋನ್ ಮಾಡಕ್ಕೆ ಏನಾಗಿತ್ತು ನಿಂಗೆ?"

"ನನ್ನ ಮನೇಲಿ ರಟ್ಟು ಸುಡಕ್ಕೆ ನಿನ್ನ ಅಪ್ಪಣೆ ಬೇಕೇನೇ?"

ಯೋಗೀಶನ ಗಂಟಲು ದೊಡ್ಡದು. ಅವನು ಸುಮ್ಮನೆ ಮಾತಾಡಿದರೂ ಹಾಲ್ಕುರಿಕೆಯ ಆ ಬೀದಿಯವರು ಜಗಳ ಅಂದುಕೊಳ್ಳುತ್ತಾರೆ. ಇವತ್ತು ನಿಜವಾದ ಜಗಳವೇ ಆಗಿತ್ತು. ಪಡಸಾಲೆಯ ನಡುವೆ ಬಾಯಿ ತೆರೆದುಕೊಂಡ ಹೊಸ ಕಬ್ಬಿಣದ ಟ್ರಂಕು. ಅದರ ಈಚೆಗೆ ಕುರ್ಚಿಯ ಮೇಲೆ ಅವನು, ಆಚೆಗೆ ನೆಲದ ಮೇಲೆ ಅವನ ಅಕ್ಕನ ಮಗಳು ಇಂಪನಾ. ಟ್ರಂಕಿನೊಳಗೆ ಗೇಣುದ್ದದ ಬೊಂಬೆಗಳು, ಜಪಾನಿನವು. ಅಲ್ಲಿಯ ಕಾರ್ಟೂನ್ ಕಥೆಗಳಲ್ಲಿ ಬರುವ ಹುಡುಗ ಹುಡುಗಿಯರ ಬೊಂಬೆಗಳು. ಅವುಗಳಲ್ಲಿ ನೆಟ್ಟಗೆ ನಿಲ್ಲುವಂಥದ್ದು ಒಂದೂ ಇರಲಿಲ್ಲ. ಕತ್ತಿ ಹಿಡಿದವನ ಕತ್ತಿ ಬಾಳೆದಿಂಡಿನ ನಾರಿನಂತೆ ಜೋತುಬಿದ್ದಿತ್ತು. ಮೈಯೆಲ್ಲ ಜಿಗುಟಾಗಿ, ಆ ಜಿಗುಟಿಗೆ ಕೊಬ್ಬರಿಯ ಧೂಳು, ಸಿಪ್ಪೆಯ ನಾರು ಅಂಟಿಕೊಂಡಿತ್ತು. ಬಿಳುಪಾಗಿದ್ದ ಮುಖಗಳಿಗೆ ಹೊಗೆ ಹಿಡಿದಿತ್ತು.

ಟ್ರಂಕನ್ನು ಅಟ್ಟದಿಂದ ಇಳಿಸಿಕೊಟ್ಟವನು ಕೊಬ್ಬರಿ ಸುಲಿಯುವ ಗಿಡ್ಡಯ್ಯ. ಮುಚ್ಚಳ ತೆಗೆದು ಸುತ್ತಿದ್ದ ಬಟ್ಟೆ ಬಿಡಿಸಿದ ತಕ್ಷಣ ಅವನು ಬಗ್ಗಿ ನೋಡಿ, "ಇದೇನ್ ಸಾವ್ಕಾರ್ರೇ, ಎಲ್ರೂ ಹೆಂಡ ಕುಡ್ದೋರಂಗೆ ವಾಲ್ಕೊಂಡವ್ರೆ!" ಅಂದಿದ್ದ. ಯೋಗೀಶ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟಿದ್ದ. ನಗು ಮುಗಿಸಿ ನೋಡಿದರೆ ಇಂಪನಾಳ ಮುಖ ಸುಣ್ಣವಾಗಿತ್ತು. ಆ ಒಂದು ನಗು ನಕ್ಕಿರದಿದ್ದರೆ, ಅಂತ ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡ.

ಇಂಪನಾ ಏಳನೇ ತರಗತಿಯಲ್ಲಿದ್ದಾಗ ತಾಯಿ ಗಿರಿಜಾಂಬಿಕಾ ತೀರಿಕೊಂಡಳು. ತುರುವೇಕೆರೆಯಲ್ಲಿದ್ದ ಅಪ್ಪ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ. ಯೋಗೀಶ ಹೋಗಿ, ಅಲ್ಲೂ ಬಾಯಿ ಮಾಡಿ, ಹುಡುಗಿಯನ್ನು ಕರೆದುಕೊಂಡು ಬಂದ. ಅವನಿಗೂ ಹೆಂಡತಿ ಗುರುಸಿದ್ದಮ್ಮನಿಗೂ ಮಕ್ಕಳಿರಲಿಲ್ಲ. ಓದಿಸಿದರು. ತಿಪಟೂರಿನ ಒಂದು ಶಾಲೆಯಲ್ಲಿ ಅವಳಿಗೆ ಟೀಚರ್ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅತ್ತೆಗೆ ಸೀರೆ, ಮಾವನಿಗೆ ಪಂಚೆ ತಂದಳು. ತನಗೆ ಒಂದು ಬೊಂಬೆ ತರಿಸಿಕೊಂಡಳು.

"ಈ ವಯಸ್ಸಲ್ಲಿ ಬೊಂಬೆ ಆಟವೇನೇ? ಮೂಗುಬೊಟ್ಟು ಮಾಡಿಸ್ಕೊಳದು ಬುಟ್ಟು" ಅಂತ ಯೋಗೀಶ ರೇಗಿಸಿದ. ಅವಳು ನಕ್ಕಳು. ಆಮೇಲೆ ಮೂರು ನಾಲ್ಕು ತಿಂಗಳಿಗೊಂದರಂತೆ ಪಾರ್ಸೆಲ್ ಬರುತ್ತಲೇ ಇತ್ತು. ಕೋಣೆಯ ಗೋಡೆಗೆ ಗಾಜಿನ ಬಾಗಿಲಿನ ಗೂಡು ಮಾಡಿಸಿ ಎಲ್ಲವನ್ನೂ ನಿಲ್ಲಿಸಿದಳು. ಅವು ಬಂದ ರಟ್ಟಿನ ಡಬ್ಬಿಗಳನ್ನೂ ಬಿಸಾಡದೆ ಮಂಚದ ಕೆಳಗೆ ಜೋಡಿಸಿದಳು. ಭಾನುವಾರ ಮೆತ್ತಗಿನ ಬ್ರಷ್ ಹಿಡಿದು ಧೂಳು ತೆಗೆಯುತ್ತಾ ಕೂರುತ್ತಿದ್ದಳು. ಯೋಗೀಶ ಬಾಗಿಲಲ್ಲಿ ನಿಂತು, "ಸ್ನಾನ ಆಯ್ತೇನೇ ನಿನ್ನ ಮಕ್ಕಳಿಗೆ?" ಅಂತ ಕೇಳಿ ತೋಟಕ್ಕೆ ಹೋಗುತ್ತಿದ್ದ. ಇದು ಯಾರು, ಅದು ಯಾರು, ಯಾಕೆ ಇಷ್ಟ ಅಂತ ಒಂದು ದಿನವೂ ಕೇಳಲಿಲ್ಲ.

ಅವನು ಕೇಳಿದ್ದು ಬೆಲೆ ಏರಿದ ಮೇಲೆ.

ಒಂದು ದಿನ ಊಟಕ್ಕೆ ಕೂತಾಗ ಇಂಪನಾ ಮುದ್ದೆ ಮುರಿಯದೆ ಮೊಬೈಲು ನೋಡುತ್ತಾ, "ಇನ್ಮೇಲೆ ನಾನು ತಗೊಳ್ಳಕ್ಕಾಗಲ್ಲ ಅತ್ತೆ" ಅಂದಳು. ಜಪಾನಿನಲ್ಲಿ ಮಾಡುವವರೇ ಬೆಲೆ ಏರಿಸಿದ್ದಾರೆ. ಅದರ ಮೇಲೆ ಹಡಗಿನ ಖರ್ಚು, ಕಸ್ಟಮ್ಸು. ಮೊದಲಾದರೆ ಇಲ್ಲಿ ನಾಲ್ಕು ಜನ ಹುಚ್ಚರು ಕೊಳ್ಳುತ್ತಿದ್ದರು, ಈಗ ಸಾವಿರ ಜನ ಮುಗಿಬೀಳುತ್ತಾರೆ. ಒಂದು ಬೊಂಬೆಯನ್ನು ಮಾಡುವುದು ನಿಲ್ಲಿಸಿದರು ಅಂದರೆ ಮುಗಿಯಿತು, ಡಬ್ಬಿ ಸಮೇತ ಇಟ್ಟುಕೊಂಡವರು ಹೇಳಿದ್ದೇ ರೇಟು.

ರೇಟು ಅನ್ನುವ ಮಾತು ಬಿದ್ದ ಕೂಡಲೇ ಯೋಗೀಶ ತಲೆ ಎತ್ತಿದ. "ನೀನು ಮೊದಲು ತಂದಿದ್ಯಲ್ಲ, ಅದಕ್ಕೀಗ ಎಷ್ಟಂತೆ?"

"ಮೂರು ಸಾವಿರಕ್ಕೆ ತಗೊಂಡಿದ್ದೆ ಮಾವ. ಈಗ ಇಪ್ಪತ್ತು ಹೇಳ್ತಾವ್ರೆ. ಅದೂ ಸಿಗಲ್ಲ."

"ಇಪ್ಪತ್ತು ಸಾವ್ರ! ಆ ಪ್ಲಾಸ್ಟಿಕ್ಕಿಗಾ?" ಯೋಗೀಶ ಎಡಗೈಯನ್ನು ತೊಡೆಗೆ ಬಡಿದ. "ನಮ್ಮ ಕೊಬ್ಬರೀನೂ ಹಿಂಗೆ ಏರಿದ್ದು ಕಾಣೆ. ಮಾರ್ಬೇಡ ಕಣವ್ವ. ಒಂದನ್ನೂ ಮಾರ್ಬೇಡ. ಇನ್ನೂ ಏರ್ತದೆ."

"ಮಾರ್ತೀನಿ ಅಂದೋರ್ಯಾರು?" ಅಂದಳು ಇಂಪನಾ. ಅವನಿಗೆ ಆ ಮಾತು ಕೇಳಿಸಿತು, ತಲೆಗೆ ಹೋಗಲಿಲ್ಲ.

ಅವತ್ತಿನಿಂದ ಬೊಂಬೆಗಳ ಮೇಲೆ ಅವನಿಗೆ ಗೌರವ ಹುಟ್ಟಿತು. ತಿಪಟೂರಿನಲ್ಲಿ ಕೊಬ್ಬರಿ ಟೆಂಡರ್ ದಿನ ಮಂಡಿಯವರ ಮುಂದೆ, "ನಮ್ಮ ಹುಡುಗಿ ಹತ್ರ ಒಳ್ಳೆ ಸರಕೈತೆ" ಅಂತ ಹೇಳಿಕೊಂಡ. ಮನೆಗೆ ಬಂದವರಿಗೆ ಗೂಡು ತೋರಿಸಿ ಬೆಲೆ ಹೇಳಿದ. ಹೇಳುವಾಗ ಬೆಲೆ ಸ್ವಲ್ಪ ಏರಿಸಿಯೇ ಹೇಳಿದ. ಬಂದವರು ಹೋದ ಮೇಲೆ, ಅಷ್ಟು ಜನಕ್ಕೆ ಗೊತ್ತಾಯಿತಲ್ಲ ಅಂತ ಭಯವಾಯಿತು.

ಮಾರ್ಚಿನಲ್ಲಿ ತುರುವೇಕೆರೆಯ ಅಜ್ಜಿ, ಇಂಪನಾಳ ಅಪ್ಪನ ತಾಯಿ, ಬಿದ್ದು ಸೊಂಟ ಮುರಿದುಕೊಂಡಳು. ಪರೀಕ್ಷೆ ಮುಗಿದ ಕೂಡಲೇ ಇಂಪನಾ ಆ ಮುದುಕಿಯನ್ನು ನೋಡಿಕೊಳ್ಳಲು ಹೊರಟಳು. ಬಸ್ಸು ಹತ್ತುವಾಗ, "ಮಾವ, ನನ್ನ ಗೂಡನ್ನ ನೋಡ್ಕೋ" ಅಂದಳು.

"ನನ್ನ ಕಣ್ಣಂಗೆ ನೋಡ್ಕೊತೀನಿ, ಹೋಗು" ಅಂದ ಯೋಗೀಶ.

ಹಾಗೆಯೇ ನೋಡಿಕೊಂಡ. ತಿಪಟೂರಿಗೆ ಹೋಗಿ ಗಟ್ಟಿ ಟ್ರಂಕು, ಬೀಗ ತಂದ. ಡಬ್ಬಿ ಸಮೇತ ಇಡಲು ನೋಡಿದರೆ ಅರ್ಧವೂ ಹಿಡಿಸಲಿಲ್ಲ. ಕೊಬ್ಬರಿಯವನ ಬುದ್ಧಿ ಅಲ್ಲಿ ಓಡಿತು. ಸಿಪ್ಪೆಗೆ, ಕರಟಕ್ಕೆ ಯಾವ ಸೇಟು ಕೊಬ್ಬರಿಯ ದುಡ್ಡು ಕೊಡುತ್ತಾನೆ? ತೂಕಕ್ಕೆ ನಿಲ್ಲುವುದು ಒಳಗಿನ ಉಂಡೆ. ಡಬ್ಬಿಗಳನ್ನು ಮುರಿದು ಹಂಡೆ ಒಲೆಯ ಪಕ್ಕಕ್ಕೆ ಒಟ್ಟಿದ. ನಾಲ್ಕು ದಿನ ಅದರಲ್ಲೇ ನೀರು ಕಾಯಿತು. ಬೊಂಬೆಗಳನ್ನು ಕೊಬ್ಬರಿ ಒರೆಸುತ್ತಿದ್ದ ಹಳೇ ಪಂಚೆಯ ತುಂಡುಗಳಲ್ಲಿ ಸುತ್ತಿ, ಒಂದರ ಪಕ್ಕ ಒಂದು ಮಲಗಿಸಿ, ಬೀಗ ಹಾಕಿ, ಟ್ರಂಕನ್ನು ಕೊಬ್ಬರಿ ಅಟ್ಟದ ಮೇಲಕ್ಕೆ ಏರಿಸಿದ.

ಆ ಮನೆಯಲ್ಲಿ ಅಟ್ಟಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ. ಅವನ ಅಪ್ಪನ ಕಾಲದಿಂದ ಬೆಲೆಯುಳ್ಳದ್ದು ಏರುವುದು ಅಲ್ಲಿಗೇ. ಕಾಯಿ ವರ್ಷಗಟ್ಟಲೆ ಅಲ್ಲಿ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನುವ ಉಂಡೆಕೊಬ್ಬರಿಯಾಗುತ್ತದೆ. ಅವಸರಪಟ್ಟು ಇಳಿಸಿದವನು ಕೆಡುತ್ತಾನೆ, ಕಾದವನಿಗೆ ರೇಟು ಸಿಗುತ್ತದೆ. ಯೋಗೀಶ ಬದುಕಿನಲ್ಲಿ ಕಲಿತದ್ದು ಅದೊಂದೇ. ಮೇಲೆ ತಗಡಿನ ಸೂರು, ಕೆಳಗೆ ಆಗಾಗ ಹಾಕುವ ಸಿಪ್ಪೆ ಹೊಗೆ. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಆ ಕಬ್ಬಿಣದ ಟ್ರಂಕಿನೊಳಗೆ ಏನಾಗುತ್ತಿರಬಹುದು ಅಂತ ಅವನಿಗೆ ಹೊಳೆಯಲೇ ಇಲ್ಲ. ಕಾಯಿಗೆ ಕಾವು ಒಳ್ಳೆಯದಲ್ಲವೇ? ಅಷ್ಟೇ ಅವನ ಲೆಕ್ಕ.

ಫೋನಿನಲ್ಲಿ ಇಂಪನಾ ಕೇಳಿದಾಗಲೆಲ್ಲ, "ಭದ್ರವಾಗಿ ಅವೆ ಬುಡು" ಅಂದ.

ಈಗ ಶಾಲೆ ಶುರುವಾಗುವ ವಾರಕ್ಕೆ ಅವಳು ಹಿಂದಿರುಗಿದ್ದಳು. ಗೂಡು ಬರಿದಾಗಿತ್ತು.

"ಕಾವಿಗೆ ಬಗ್ಗವೆ, ಕೈಲಿ ತಿದ್ದಿದ್ರೆ ಸರಿಹೋಯ್ತದೆ" ಅಂತ ಯೋಗೀಶ ಒಂದನ್ನು ಎತ್ತಿ ಸೊಂಟ ಹಿಡಿದು ನೆಟ್ಟಗೆ ಮಾಡಲು ಹೋದ. ಲಟಕ್ ಅಂತ ತೋಳು ಕೈಗೆ ಬಂತು.

"ಮುಟ್ಬೇಡ!" ಇಂಪನಾ ಕಿರುಚಿದಳು. "ಇನ್ನೊಂದ್ಸಲ ಮುಟ್ಬೇಡ!"

ತಾನು ಮಾಡಿದ್ದು ತಪ್ಪು ಅಂತ ಯೋಗೀಶನಿಗೆ ಆಗಲೇ ಗೊತ್ತಾಗಿತ್ತು. ತಪ್ಪಾಯಿತು ಕಣವ್ವ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬಾಗಿಲಲ್ಲಿ ಗಿಡ್ಡಯ್ಯ ನಿಂತಿದ್ದ, ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಬಾಯಿಗೆ ಬಂದದ್ದು ಬೇರೆ ಮಾತು.

"ಏನೇ ಅದು, ನನ್ನ ಮೇಲೇ ಕಿರುಚ್ತೀಯಾ? ಎಷ್ಟಾಯ್ತದೆ ಒಟ್ಟು? ಬಾಯ್ಬುಟ್ಟು ಹೇಳು, ಈ ವಾರದ ಕೊಬ್ಬರಿ ದುಡ್ಡು ನಿನ್ನ ಮುಖಕ್ಕೆ ಎಸೀತೀನಿ. ಹನ್ನೆರಡು ವರ್ಷದ ಹುಡ್ಗೀನ ತಂದು ಅನ್ನ ಹಾಕಿ ಸಾಕಿದೋನು ನಾನು. ಅದಕ್ಕೆ ರೇಟು ಕಟ್ಟಿದ್ನಾ? ನಿಮ್ಮಪ್ಪ ಕೊಟ್ನಾ?"

"ರೀ!" ಅಂದಳು ಗುರುಸಿದ್ದಮ್ಮ. ಗಿಡ್ಡಯ್ಯ ಮೆಲ್ಲಗೆ ಅಂಗಳಕ್ಕೆ ಇಳಿದ.

ಇಂಪನಾ ಟ್ರಂಕಿನಿಂದ ಒಂದೇ ಒಂದು ಬೊಂಬೆ ತೆಗೆದು ಸೆರಗಿನಲ್ಲಿ ಒರೆಸಿದಳು. ನೀಲಿ ಲಂಗದ ಹುಡುಗಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚೀಲ, ಕೆಸರು ದಾಟುವವಳಂತೆ ಒಂದು ಕಾಲು ಎತ್ತಿದ್ದಳು. ಊರಿದ್ದ ಕಾಲು ಹರಡಿನ ಹತ್ತಿರ ಮಡಚಿಹೋಗಿತ್ತು.

"ಮೊದಲನೇ ಸಂಬಳದಲ್ಲಿ ತಂದಿದ್ದು ಇದು. ಅಮ್ಮ ಬಸ್ಸಿಳಿದು ಹಿಂಗೇ ಬರ್ತಿತ್ತು. ಇದೇ ತರ ಕಾಲು ಎತ್ತಿ ಇಡೋದು. ಫೋಟೋದಲ್ಲಿ ನೋಡಿದ ತಕ್ಷಣ ಅಮ್ಮನೇ ಅನ್ನಿಸ್ತು" ಅಂದಳು. ದನಿ ಏರಲಿಲ್ಲ. "ನಿಮ್ಮಕ್ಕ ಅಲ್ವಾ? ನಿಮಗೂ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಕೇಳ್ತೀರಾ ಅಂತ ನೋಡ್ತಿದ್ದೆ."

ಇಷ್ಟು ವರ್ಷ ನೀನು ಅನ್ನುತ್ತಿದ್ದವಳು ನೀವು ಅಂದಿದ್ದಳು.

ಯೋಗೀಶ ಬೊಂಬೆಯನ್ನು ನೋಡಿದ. ಹೌದು, ಗಿರಿಜಕ್ಕನೇ. ಮಳೆಗಾಲದಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು, ತವರಿಗೆ ಬರುವಾಗ ಚೀಲದಲ್ಲಿ ತಮ್ಮನಿಗೆ ಖಾರಾಬೂಂದಿ ಕಟ್ಟಿಸಿಕೊಂಡು ಬರುತ್ತಿದ್ದ ಅಕ್ಕ. ಇಷ್ಟು ವರ್ಷ ಗಾಜಿನ ಹಿಂದೆ ನಿಂತಿದ್ದಳು. ಅವನು ಅವಳ ಬೆಲೆಯನ್ನು ಬಂದವರಿಗೆಲ್ಲ ಹೇಳಿದ್ದ.

ಇಂಪನಾ ಕೋಣೆಗೆ ಹೋದಳು. ಊರಿಂದ ತಂದು ಇನ್ನೂ ಬಿಚ್ಚದಿದ್ದ ಬ್ಯಾಗನ್ನೇ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಬೊಂಬೆ ಕೈಯಲ್ಲೇ ಇತ್ತು. ಅತ್ತೆಯ ಕಾಲು ಮುಟ್ಟಿದಳು. ಮಾವನ ಕುರ್ಚಿಯ ಪಕ್ಕದಲ್ಲೇ ಹಾದು ಅಂಗಳಕ್ಕೆ ಇಳಿದಳು.

"ಏಳ್ರೀ, ಹೋಗಿ ಕರೀರಿ. ಅಜ್ಜಿ ಮನೆಗೆ ಹೊಂಟ್ಳು" ಗುರುಸಿದ್ದಮ್ಮ ಅಳುತ್ತಿದ್ದಳು. "ನೀವು ಕರುದ್ರೆ ಬತ್ತಾಳೆ."

"ಕ್ವಾಪ ಇಳೀಲಿ ಬುಡು" ಅಂದ ಯೋಗೀಶ. "ಈಗ ಹೋಗಿ ಕೈ ಹಿಡುದ್ರೆ ಇನ್ನೂ ಏರ್ತಾಳೆ. ತಾನಾಗೇ ಬತ್ತಾಳೆ."

ಎದ್ದು ಹೋಗಬೇಕು ಅಂತ ಕಾಲು ಹೇಳುತ್ತಿತ್ತು. ಕಾಯಬೇಕು ಅಂತ ಅಭ್ಯಾಸ ಹೇಳಿತು. ಅವನು ಅಭ್ಯಾಸದ ಮಾತು ಕೇಳಿದ. ತೆಂಗಿನ ಸಾಲಿನ ಆಚೆ ಬಸ್ಸಿನ ಹಾರನ್ ಕೇಳಿಸಿತು. ಬಸ್ಸು ನಿಂತ ಸದ್ದು ಬಂತು, ಹೊರಟ ಸದ್ದೂ ಬಂತು. ಆಗ ಚಪ್ಪಲಿ ಮೆಟ್ಟದೆ ಓಡಿದ. ನಿಲ್ದಾಣದ ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಮನೆಗೆ ಬಂದಾಗ ಗಿಡ್ಡಯ್ಯ ಟ್ರಂಕಿನ ಮುಚ್ಚಳ ಹಾಕಿ ನಿಂತಿದ್ದ. "ಸಾವ್ಕಾರ್ರೇ, ಇದನ್ನ ಮ್ಯಾಕೆ ಇಡ್ಲಾ?"

"ಬ್ಯಾಡ. ಅವಳ ರೂಮಲ್ಲಿಡು. ತಂಪಿರ್ತದೆ" ಅಂದ ಯೋಗೀಶ. "ಶಾಲೆ ಶುರುವಾಗ ಹೊತ್ಗೆ ಬತ್ತಾಳೆ."

ಶಾಲೆ ಶುರುವಾಯಿತು. ಇಂಪನಾ ದಿನಾ ತುರುವೇಕೆರೆಯಿಂದಲೇ ತಿಪಟೂರಿಗೆ ಹೋಗಿ ಬರುತ್ತಾಳೆ ಅಂತ ಮಂಡಿಯಲ್ಲಿ ಯಾರೋ ಹೇಳಿದರು. ಹಾಲ್ಕುರಿಕೆಗೆ ಬರಲಿಲ್ಲ.