ಕಡಲಿಗೆ ಕಳಿಸಿದ ಸ್ಕೋರು

ಅಂಗಳದಲ್ಲಿ ಟಾರ್ಪಾಲು ಹಾಸಿ ಒಣ ಸಿಗಡಿ ಹರವುವುದು ಹರಿಣಾಕ್ಷಿಯ ಬೆಳಗಿನ ಕೆಲಸ. ಕಾಗೆಗಳು ಬರುವ ಮೊದಲೇ ಹರವಿ, ಮೇಲೆ ಹಳೆಯ ಬಲೆ ಎಳೆದು, ಮೂಲೆಗಳಿಗೆ ಕಲ್ಲು ಹೇರಬೇಕು. ಆ ದಿನ ಒಂದು ಮೂಲೆಗೆ ಕಲ್ಲಿಟ್ಟು ಇನ್ನೊಂದಕ್ಕೆ ಬಗ್ಗಿದ್ದಳು. ಅಷ್ಟರಲ್ಲಿ ಬೀಜಾಡಿಯ ಕಡಲ ರಸ್ತೆಯಲ್ಲಿ ಮೈಕು ಕಟ್ಟಿದ ಜೀಪೊಂದು ಬಂತು.

"ಮೀನುಗಾರ ಬಾಂಧವರ ಗಮನಕ್ಕೆ. ಸಮುದ್ರದಲ್ಲಿ ಚಂಡಮಾರುತ ಎದ್ದಿದೆ. ಯಾರೂ ಕಡಲಿಗೆ ಇಳಿಯಬಾರದು. ಹೋದವರು ಕೂಡಲೇ ಹತ್ತಿರದ ಬಂದರಿಗೆ ಮರಳಬೇಕು."

ಜೀಪು ಮುಂದೆ ಹೋಯಿತು. ಹರಿಣಾಕ್ಷಿ ಕಲ್ಲು ಹಿಡಿದುಕೊಂಡೇ ನಿಂತಳು. ಇಳಿಯಬೇಡಿ ಎಂದರೆ ದಡದಲ್ಲಿದ್ದವರು ಇಳಿಯುವುದಿಲ್ಲ, ಸರಿ. ಹೋದವರಿಗೆ ಈ ಮೈಕು ಕೇಳುವುದು ಹೇಗೆ? ಅವಳ ಗಂಡ ಸುಜನ್ ಗಂಗೊಳ್ಳಿ ಬಂದರಿನಿಂದ 'ಜಲದುರ್ಗೆ' ಬೋಟು ಬಿಟ್ಟುಕೊಂಡು ಹೋಗಿ ವಾರ ಆಗಿತ್ತು.

"ಎಂತ ಅಂಬ್ರ್ ಅದ್?" ಎಂದು ಜಗಲಿಯಿಂದ ಅವಳ ಅತ್ತೆ, ಬಾಗಿ ಎಂಬ ಹೆಸರಿನವಳು, ಕೇಳಿದಳು.

"ಎಂತ ಇಲ್ಲೆ ಅತ್ತೆ. ಗಾಳಿ ಬತ್ತ್ ಅಂಬ್ರ್."

"ಅದನ್ನ್ ಹೇಳೂಕೆ ಜೀಪ್ ಬೇಕಾ? ನನ್ನ ಮೊಣಕಾಲ್ ನಿನ್ನೆಯೇ ಹೇಳಿತ್." ಹಾಗೆಂದು ಮುದುಕಿ ನಕ್ಕಳು. ನಗು ಅರ್ಧದಲ್ಲೇ ನಿಂತಿತು. ಅವಳೂ ಮಗನನ್ನೇ ನೆನೆದಿದ್ದಳು. ಆದರೆ ಆ ಮನೆಯಲ್ಲಿ ಕಡಲಿಗೆ ಹೋದವರ ಬಗ್ಗೆ ಹೆದರಿಕೆಯ ಮಾತು ಆಡುವಂತಿಲ್ಲ. ಬಾಯಿಂದ ಹೊರಟ ಮಾತು ಗಾಳಿ ಸೇರುತ್ತದೆ, ಗಾಳಿ ಕಡಲಿಗೇ ಹೋಗುತ್ತದೆ ಎನ್ನುವುದು ಬಾಗಿಯ ಕಟ್ಟಳೆ. ಅವಳ ಅತ್ತೆ ಅವಳಿಗೆ ಹೇಳಿಕೊಟ್ಟದ್ದು, ಅವಳು ಹರಿಣಾಕ್ಷಿಗೆ ಹೇಳಿಕೊಟ್ಟದ್ದು.

ಒಂಬತ್ತು ವರ್ಷದ ಸೌಜನ್ಯ ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೈಕಿನ ಮಾತು ಅವಳಿಗೂ ಕೇಳಿಸಿತ್ತು. ಚೀಲದ ಪಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಶಾಲೆಗೆ ಹೋದಳು.

ಬೆಂಗಳೂರಿನ ಫುಟ್‌ಬಾಲ್ ತಂಡ ದೊಡ್ಡ ಲೀಗಿಗೆ ಹೊಸದಾಗಿ ಸೇರಿದ ವರ್ಷ ಅದು. ಬೀಜಾಡಿಯಲ್ಲಿ ಅದು ಯಾರಿಗೂ ದೊಡ್ಡ ಸುದ್ದಿಯಲ್ಲ. ಊರಿಗೆ ಊರೇ ಕ್ರಿಕೆಟ್ಟಿನ, ಕಬಡ್ಡಿಯ ಊರು. ಸುಜನ್ ಮಾತ್ರ ಹರೆಯದಲ್ಲಿ ಗೋವಾದ ಬೋಟುಗಳಲ್ಲಿ ದುಡಿದು ಈ ಆಟದ ಮರುಳು ಹಿಡಿಸಿಕೊಂಡು ಬಂದವನು. "ಗೋವಾಕ್ಕೆ ಹೋದ ಮಕ್ಳೆಲ್ಲ ಕುಡಿಯೂಕೆ ಕಲ್ತ್ ಬಂದ್ರ್. ನನ್ನ ಮಗ ಚೆಂಡ್ ಕಲ್ತ್ ಬಂದ. ಯಾವ್ದ್ ಲೇಸ್ ಅಂತ ನಂಗಿನ್ನೂ ಗೊತ್ತಾಯ್ಲಿಲ್ಲೆ" ಎಂದು ಬಾಗಿ ಹೇಳುವುದಿತ್ತು. ಪಕ್ಕದ ಮನೆಯ ಕಿಟ್ಟ ಬೇಲಿಯಾಚೆಯಿಂದ, "ಹ್ವಾಯ್ ಸುಜನಣ್ಣ, ಒಂದೂವರಿ ಗಂಟಿ ಓಡಿ ಒಂದ್ ಗೋಲಾ? ಅಷ್ಟ್ ಹೊತ್ತಿಗ್ ನಮ್ಮ ಕಬಡ್ಡಿಯಗೆ ಪಾಯಿಂಟ್ ಲೆಕ್ಕ ಹಾಕಿ ಸಾಕಾತ್ತ್!" ಎಂದು ಕೀಟಲೆ ಮಾಡುತ್ತಿದ್ದ. ಸುಜನ್ ಸಿಟ್ಟಾಗುತ್ತಿರಲಿಲ್ಲ. "ಮೀನ್ ಹಿಡೂದೂ ಹಂಗೇ ಅಲ್ದನಾ? ಹತ್ತ್ ದಿನ ಬಲಿ ಬಿಟ್ರೆ ಒಂದ್ ದಿನ ಸಿಕ್ಕತ್" ಎನ್ನುತ್ತಿದ್ದ.

ಆ ಋತುವಿನ ಮೊದಲ ಪಂದ್ಯದ ದಿನ ಸೌಜನ್ಯ ಅಡುಗೆಮನೆಯ ಮಣೆಯನ್ನು ಎಳೆದು ತಂದು ಟಿವಿಯ ಮುಂದೆ ಕುಳಿತಿದ್ದಳು. ತಂಡ ಗೆದ್ದಿತು. ಎರಡನೆಯ ಪಂದ್ಯಕ್ಕೆ ಅಜ್ಜಿಯ ಜೊತೆ ಮಂಚದ ಮೇಲೆ ಕುಳಿತಳು. ಎದುರಾಳಿ ಗೋಲು ಹೊಡೆದ ಕೂಡಲೇ ಸುಜನ್, "ಸೌಜು, ಮಗಾ, ಒಂದ್ಸಲ ಮಣಿ ಮೇಲೆ ಕೂಕೊ ಕಾಂಬ" ಎಂದು ಕೈಮುಗಿದ. ಅವಳು ಇಳಿದು ಕುಳಿತಳು. ಆಟವೇ ತಿರುಗಿತು. ಅಂದಿನಿಂದ ಅದು ಶಾಸನ. ಸೌಜು ಮಣೆಯ ಮೇಲೆ, ಸುಜನ್ ತಂಡದ ನೀಲಿ ಅಂಗಿಯಲ್ಲಿ. ಮನೆಯಲ್ಲಿರಲಿ, ಬೋಟಿನಲ್ಲಿರಲಿ, ಪಂದ್ಯದ ದಿನ ಆ ಅಂಗಿ ಮೈಮೇಲೆ ಇರಲೇಬೇಕು.

ಸುಜನ್ ಕಡಲಲ್ಲಿದ್ದಾಗ ಸ್ಕೋರು ಮುಟ್ಟಿಸುವುದಕ್ಕೆ ಬೇರೆಯೇ ಏರ್ಪಾಡಿತ್ತು. ಹರಿಣಾಕ್ಷಿ ಟಿವಿ ನೋಡಿ ಗಂಗೊಳ್ಳಿಗೆ ಫೋನು ಮಾಡುತ್ತಿದ್ದಳು. ಅಲ್ಲಿ ಬಂದರಿನ ಶೆಡ್ಡಿನಲ್ಲಿ ಸುಜನನ ಚಿಕ್ಕಪ್ಪನ ಮಗ ವಿಶಾಲ್ ವೈರ್‌ಲೆಸ್ ಸೆಟ್ಟಿನ ಮುಂದೆ ಕೂರುವವನು. ಅವನು ಹತ್ತಿರದ ಬೋಟಿಗೆ ಹೇಳಿದರೆ ಅದು ಇನ್ನೂ ಆಚೆಯ ಬೋಟಿಗೆ, ಅದು ಮತ್ತೂ ಆಚೆಗೆ. ಮನೆಯ ಸ್ಕೋರು ಹೀಗೆ ಬೋಟಿನಿಂದ ಬೋಟಿಗೆ ದಾಟಿ ಆಳಸಮುದ್ರ ಮುಟ್ಟುತ್ತಿತ್ತು. ಅದೇ ದಾರಿಯಲ್ಲಿ ಉತ್ತರ ಬರುತ್ತಿತ್ತು: "ಸೌಜು ಮಣಿ ಮೇಲೆ ಇತ್ತಾ ಕೇಣ್." ಕೇಳಿ ಕೇಳಿ ಬೇರೆ ಬೋಟಿನವರಿಗೂ ಈ ಹುಚ್ಚು ಅಂಟಿತ್ತು. ಹರಿಣಾಕ್ಷಿಗೆ ಆಟ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ. ಉತ್ತರ ಬಂತೆಂದರೆ ಗಂಡ ಊಟ ಮಾಡಿ ಸುಖವಾಗಿದ್ದಾನೆ ಎಂದು ಮಾತ್ರ ಅರ್ಥವಾಗುತ್ತಿತ್ತು. ಅಷ್ಟು ಸಾಕಿತ್ತು.

ಜೀಪು ಬಂದ ದಿನ ಹತ್ತು ಗಂಟೆಗೆ ಶಾಲೆಯವರು ಮಕ್ಕಳನ್ನು ಮನೆಗೆ ಕಳಿಸಿದರು. ಗಾಳಿ ಎದ್ದಿತ್ತು. ಹರಿಣಾಕ್ಷಿ ಸಿಗಡಿಯನ್ನೆಲ್ಲ ಬಾಚಿ ಒಳಗೆ ತಂದು, ಅತ್ತೆಗೆ ಕೇಳದ ಹಾಗೆ ಹಿತ್ತಿಲ ಬಾಗಿಲಿಗೆ ಹೋಗಿ ವಿಶಾಲನಿಗೆ ಫೋನು ಮಾಡಿದಳು.

"ಅತ್ಗಿ, ನಿನ್ನೆ ಮಧ್ಯಾಹ್ನದಿಂದ ಸಿಗ್ತಾ ಇಲ್ಲೆ" ಎಂದ ವಿಶಾಲ್. "ಹೆದ್ರಬೇಡಿ. ಸುಮಾರ್ ಬೋಟ್ ಕಾರವಾರಕ್ಕೆ ಹೊಕ್ಕಿದೊ ಅಂಬ್ರ್. ಅಣ್ಣನೂ ಅಲ್ಲಿಗೇ ಹೋಯಿಪ್ಕ್ ಸಾಕ್."

"ಹೋಯಿಪ್ಕ್ ಸಾಕಾ, ಹೋಯಿದ್ರಾ?" ಹೋಗಿರಬಹುದು ಎನ್ನುವ ಮಾತು ಅವಳಿಗೆ ಸಾಲದಾಗಿತ್ತು.

ವಿಶಾಲನ ಹಿಂದೆ ವೈರ್‌ಲೆಸ್ಸಿನ ಗರಗರ ಸದ್ದು ಮಾತ್ರ ಕೇಳುತ್ತಿತ್ತು. ಹರಿಣಾಕ್ಷಿ ಬಾಗಿಲ ದಾರಂದ ಹಿಡಿದುಕೊಂಡಳು.

"ಇವತ್ತ್ ಸಂಜಿ ಮ್ಯಾಚ್ ಇತ್ತಲ್ದಾ ವಿಶಾಲಾ?"

"ಈ ಗಾಳಿಯಗೆ ಮ್ಯಾಚ್ ಯಾರಿಗ್ ಬೇಕ್ ಅತ್ಗಿ?"

"ನಂಗ್ ಬೇಕ್. ನಾನ್ ಸ್ಕೋರ್ ಹೇಳ್ತೆ, ನೀನ್ ಕಳ್ಸ್. ಬೇರೆ ಎಂತ ಕೇಂಡ್ರೂ ಉತ್ತರ ಕೊಡ್ದಿದ್ದರ್, ಅದಕ್ಕೆ ಕೊಡ್ತ್ರ್."

ಒಳಗೆ ಬಂದು ನೋಡಿದರೆ ಸೌಜನ್ಯ ಆಗಲೇ ಮಣೆ ಹಾಕಿಕೊಂಡು ಟಿವಿಯ ಮುಂದೆ ಕುಳಿತಿದ್ದಳು. ಟಿವಿ ಹಚ್ಚಿರಲಿಲ್ಲ. ಪಂದ್ಯ ಸಂಜೆಗೆ.

"ಮಗಾ, ಈಗಳೇ ಎಂತಕೆ ಕೂಕಂಡದ್ದ್?"

"ಸುಮ್ನೆ."

ಮಧ್ಯಾಹ್ನ ಗಂಜಿ ಕುಡಿಯಲು ಕರೆದರೆ ಏಳಲಿಲ್ಲ. ಹರಿಣಾಕ್ಷಿ ಬಟ್ಟಲನ್ನು ಅಲ್ಲಿಗೇ ತಂದಳು. ಮಗು ಗಟ್ಟಿ ಅಗುಳನ್ನಷ್ಟೇ ಆಯ್ದು ತಿಂದು ತಿಳಿಯನ್ನು ಬಿಟ್ಟಳು. ನೀರನ್ನೂ ಮುಟ್ಟಲಿಲ್ಲ. ನೀರು ಕುಡಿದರೆ ಬಚ್ಚಲಿಗೆ ಏಳಬೇಕಾಗುತ್ತದೆ ಎನ್ನುವುದು ತಾಯಿಗೆ ಹೊಳೆಯಲು ತುಸು ಹೊತ್ತು ಹಿಡಿಯಿತು. ತಂಡ ಸೋತೀತು ಎಂದು ಇಷ್ಟು ಹೆದರಿಕೆಯೇ? ಗದರಲು ಮನಸ್ಸಾಗಲಿಲ್ಲ. ಮಗಳ ಬೆವೆತ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, ಬಟ್ಟಲು ತೊಳೆಯಲು ಹೋದಳು.

ಸಂಜೆಯ ಹೊತ್ತಿಗೆ ಕಡಲಿನ ಸದ್ದು ಬದಲಾಗಿತ್ತು. ದಿನವೂ ಬಂದು ಹೋಗಿ ಮಾಡುವ ಸದ್ದು ಈಗ ಹೋಗುವುದನ್ನೇ ಮರೆತು ಬರೀ ಬರುತ್ತಿತ್ತು. ತೆಂಗಿನ ಮಡಲುಗಳು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಮಾಡಿನ ಹಂಚೊಂದು ಎದ್ದು ಕುಳಿತು ಟಕಟಕ ಎನ್ನುತ್ತಿತ್ತು. ಪಂದ್ಯ ಶುರುವಾಯಿತು. ಚಿತ್ರ ಚೌಕ ಚೌಕವಾಗಿ ಒಡೆದು ಮತ್ತೆ ಕೂಡುತ್ತಿತ್ತು. ದೂರದ ಯಾವುದೋ ಊರಿನ ಹಸಿರು ಮೈದಾನದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅದನ್ನು ನೋಡಿ ಹರಿಣಾಕ್ಷಿಗೆ ಸಿಟ್ಟೇ ಬಂತು.

ಎದುರಾಳಿಗಳು ಮೊದಲ ಗೋಲು ಹೊಡೆದರು. ಅವಳು ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. "ನಮ್ದ್ ಸೊನ್ನೆ, ಅವ್ರ್ದ್ ಒಂದ್."

ಆ ಕಡೆ ವಿಶಾಲ್ ಸೆಟ್ಟಿನಲ್ಲಿ ಕೂಗುವುದು ಕೇಳಿಸಿತು. "ಜಲದುರ್ಗೆ, ಜಲದುರ್ಗೆ, ಗಂಗೊಳ್ಳಿ. ಮನಿಯಿಂದ ಸ್ಕೋರ್ ಬಂತ್. ಬೆಂಗ್ಳೂರ್ ಸೊನ್ನೆ, ಅವ್ರ್ ಒಂದ್. ಕೇಣತ್ತಾ ಅಣ್ಣಾ?"

ಗರಗರ. ಮತ್ತೆ ಗರಗರ. ಯಾವುದೋ ಬೋಟಿನವನು ತಾವು ಕಾರವಾರದಲ್ಲಿದ್ದೇವೆ, ಎಲ್ಲರೂ ಕ್ಷೇಮ ಎಂದ. ಮತ್ತೊಬ್ಬ ಎಂಜಿನ್ ಕೆಟ್ಟಿದೆ ಎಂದ. ಅವನ ಮಾತು ನಡುವೆಯೇ ಕಡಿದುಹೋಯಿತು. ಜಲದುರ್ಗೆ ಮಾತಾಡಲಿಲ್ಲ.

ದ್ವಿತೀಯಾರ್ಧದಲ್ಲಿ ನೀಲಿಯವರು ಸಮ ಮಾಡಿದರು. ಅಷ್ಟು ಹೊತ್ತು ಗೋಡೆಗೆ ಮುಖ ಮಾಡಿ ಮಲಗಿದ್ದ ಬಾಗಿ ಎದ್ದು ಕುಳಿತು, "ಹಾಕದ್ದ್ ಯಾರ್? ನಮ್ಮರಾ?" ಎಂದಳು. ಹರಿಣಾಕ್ಷಿ ಮಗಳನ್ನು ನೋಡಿದಳು. ಗೋಲಾದರೆ ಮಣೆಯ ಮೇಲೇ ಕುಪ್ಪಳಿಸುವ ಹುಡುಗಿ ಎರಡೂ ಕೈಯಲ್ಲಿ ಮಣೆಯ ಅಂಚು ಹಿಡಿದು ಕುಳಿತಿದ್ದಳು. ಬೆರಳ ಗೆಣ್ಣುಗಳು ಬಿಳಿಚಿದ್ದವು.

"ಒಂದ್ ಒಂದ್, ವಿಶಾಲಾ. ಕಳ್ಸ್. ಬೇಗ ಕಳ್ಸ್."

ವಿಶಾಲ್ ಕೂಗಿದ. ಕಾದ. ಮತ್ತೆ ಕೂಗಿದ. ಪಂದ್ಯ ಮುಗಿಯಲು ಸ್ವಲ್ಪವೇ ಹೊತ್ತು ಇರುವಾಗ ಹೊರಗೆ ಎಲ್ಲೋ ಮರ ಮುರಿದು ಬಿದ್ದ ಸದ್ದಾಯಿತು. ಟಿವಿ ಕಪ್ಪಾಯಿತು. ಕರೆಂಟು ಹೋಗಿತ್ತು.

"ಅತ್ಗಿ? ಎಂತಾಯ್ತ್? ಸ್ಕೋರ್?"

"ಕರೆಂಟ್ ಹೋಯ್ತ್ ಮರಾಯಾ. ಗೊತ್ತಿಲ್ಲೆ. ನಿನ್ನ ಫೋನಿನಗೆ ಕಾಂಬುಕಾತ್ತಾ?"

"ನೆಟ್ ಬೆಳಿಗ್ಗೆಯೇ ಸತ್ತಿತ್."

ಕಳಿಸಲು ಈಗ ಏನೂ ಉಳಿಯಲಿಲ್ಲ. ಬಾಗಿ ತಡಕಾಡಿ ದೀಪ ಹಚ್ಚಿದಳು. ಫೋನಿನೊಳಗಿಂದ ಗರಗರ ಸದ್ದು ಬರುತ್ತಲೇ ಇತ್ತು. ಯಾರೂ ಅದನ್ನು ಆರಿಸಲಿಲ್ಲ. ಆಗ ಆ ಸದ್ದಿನ ತಳದಿಂದ, ಬಾವಿಯೊಳಗಿಂದ ಬಂದ ಹಾಗೆ, ಒಂದು ಗಂಡಸಿನ ದನಿ ಕೇಳಿತು: "...ಎಷ್ಟಾಯ್ತ್?"

"ಯಾರ್? ಯಾವ ಬೋಟ್?" ವಿಶಾಲ್ ಚೀರಿದ. "ಜಲದುರ್ಗೆಯಾ? ಹೆಸ್ರ್ ಹೇಳಿ! ಹ್ವಾಯ್!"

ಮತ್ತೆ ಏನೂ ಬರಲಿಲ್ಲ.

"ನನ್ನ ಮಗನೇ ಅದ್" ಎಂದಳು ಬಾಗಿ. "ಹೆತ್ತದ್ದ್ ನಾನ್. ನಂಗ್ ಗೊತ್ತಾತಿಲ್ಯಾ?"

ಹರಿಣಾಕ್ಷಿ ಫೋನನ್ನು ಬಾಯಿಯ ಹತ್ತಿರ ತಂದಳು. "ವಿಶಾಲಾ, ಅವ್ರೇ ಅಲ್ದಾ?"

"ನಂಗ್ ಗುರ್ತ ಸಿಕ್ಕಿಲ್ಲೆ ಅತ್ಗಿ. ಸುಳ್ಳ್ ಹೇಳೂದಿಲ್ಲೆ. ಈಗಳ್ ಎಲ್ಲ ಬೋಟಿನರೂ ಸ್ಕೋರ್ ಕೇಣ್ತ್ರ್. ನಾನ್ ಇಲ್ಲಿಂದ ಏಳೂದಿಲ್ಲೆ. ಕೂಗ್ತಾ ಇರ್ತೆ" ಎಂದ.

ಹರಿಣಾಕ್ಷಿ ಫೋನು ಕೆಳಗಿಟ್ಟಳು. ಆ ದನಿಯನ್ನು ಗಂಡನದೆಂದು ನಂಬಬೇಕು ಎನಿಸಿತು. ನಂಬಿದ ಮರುಕ್ಷಣವೇ ಎಂಜಿನ್ ಕೆಟ್ಟವನ ಕಡಿದುಹೋದ ಮಾತು ಕಿವಿಯಲ್ಲಿ ಮರುಕಳಿಸಿತು. ಅತ್ತೆ ದೇವರ ಮುಂದೆ ಹೋಗಿ ಕುಳಿತು ತುಟಿಯಲ್ಲೇ ಏನೋ ಹೇಳಿಕೊಳ್ಳತೊಡಗಿದಳು. ಮಗು ಕುಳಿತಲ್ಲಿಯೇ ಇತ್ತು.

"ಏಳ್ ಮಗಾ. ಮ್ಯಾಚ್ ಮುಗೀತ್."

"ಮುಗೀಲಿಲ್ಲೆ. ಕರೆಂಟ್ ಹೋದ್ದ್ ಅಷ್ಟೇ."

"ಬಚ್ಚಲಿಗಾದ್ರೂ ಹೋಯ್ ಬಾ. ನಾನ್ ನಿನ್ನ ಬದ್ಲಿಗೆ ಕೂಕಂತೆ."

"ನೀನ್ ಕೂಕಂಡ್ರೆ ಆತಿಲ್ಲೆ."

ಎತ್ತಲು ಹೋದರೆ ಮಣೆಯೂ ಜೊತೆಗೆ ಎದ್ದಿತು. ಅಷ್ಟು ಬಿಗಿಯಾಗಿ ಹಿಡಿದಿದ್ದಳು. ಹರಿಣಾಕ್ಷಿ ಬಲ ಮಾಡಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕುಳಿತು ಮಗಳ ಪಾದಗಳನ್ನು ಮಡಿಲಿಗೆ ಎಳೆದುಕೊಂಡಳು. ಅವು ಹಿಮದಂತೆ ತಣ್ಣಗಿದ್ದವು. ಸೆರಗಿನಿಂದ ಸುತ್ತಿ ನಿಧಾನವಾಗಿ ಉಜ್ಜತೊಡಗಿದಳು. ಏನನ್ನೂ ಕೇಳಲಿಲ್ಲ. ಹೆದರಿದ ಮಕ್ಕಳನ್ನು ಕೇಳಬಾರದು, ಹತ್ತಿರ ಕುಳಿತು ಕಾಯಬೇಕು ಎನ್ನುವುದು ಅವಳಿಗೆ ಗೊತ್ತಿತ್ತು. ಮಾಡಿನ ಹಂಚು ಟಕಟಕ ಎನ್ನುತ್ತಿತ್ತು. ಮಗುವಿನ ಎದೆ ಏರಿ ಇಳಿಯುತ್ತಿತ್ತು.

"ಅಪ್ಪಯ್ಯ ಹೊರ್ಟ ದಿನ ನೀನ್ ಬಾವಿ ಹತ್ರ ಇದ್ದೆ" ಎಂದಳು ಸೌಜನ್ಯ ಕೊನೆಗೆ. ಕಪ್ಪು ಟಿವಿಯನ್ನೇ ನೋಡುತ್ತಿದ್ದಳು. "ಅವ್ರ್ ನೀಲಿ ಅಂಗಿ ಮರ್ತ್ ಹೋಯಿದ್ರ್. ಅಂಗಿ ಇಲ್ದಿದ್ರೆ ಸೋಲ್ತ್ರ್ ಅಲ್ದಾ? ನಾನ್ ತಕಂಡ್ ಓಡ್ದೆ. ಅವ್ರ್ ಅಲ್ಲಿ, ರಸ್ತಿ ಹತ್ರ ಮುಟ್ಟಿದ್ರ್. ನಂಗ್ ಓಡೂಕಾಯ್ಲಿಲ್ಲೆ. ಅಪ್ಪಯ್ಯಾ ಅಂತ ಕರ್ದೆ. ಹಿಂದಿಂದ. ಕಡಲಿಗೆ ಹೋಪರನ್ನ ಹಿಂದಿಂದ ಕರೂಕಾಗ ಅಂತ ಅಜ್ಜಿ ಹೇಳಿತ್. ನಂಗ್ ಗೊತ್ತಿತ್ತ್. ಆದ್ರೂ ಕರ್ದೆ. ಅವ್ರ್ ತಿರ್ಗ್ ಕಂಡ್ರ್. ನಗಾಡಿದ್ರ್. ಅಂಗಿ ತಕಂಡ್ ಹೋದ್ರ್."

ಪಾದ ಉಜ್ಜುತ್ತಿದ್ದ ಹರಿಣಾಕ್ಷಿಯ ಕೈ ನಿಂತಿತು. ತಾನಾಗಿ ನಿಲ್ಲಿಸಿದ್ದಲ್ಲ. ಹೋಗುವವರನ್ನು ಹಿಂದಿನಿಂದ ಕರೆಯಬಾರದೆಂಬ, ಹುಟ್ಟಿದಾಗಿನಿಂದ ರಕ್ತದಲ್ಲಿದ್ದ ಹೆದರಿಕೆಯೊಂದು ಕೈಯನ್ನು ಹಿಡಿದು ನಿಲ್ಲಿಸಿತ್ತು. ಒಂದೇ ಕ್ಷಣ. ಮರುಕ್ಷಣವೇ ಮತ್ತೆ ಉಜ್ಜತೊಡಗಿದಳು, ಮೊದಲಿಗಿಂತ ಜೋರಾಗಿ. ಆದರೆ ಆ ನಿಂತ ಕ್ಷಣ ಮಗುವಿನ ಕಾಲಿಗೆ ತಿಳಿದುಹೋಗಿತ್ತು.

ಸೌಜನ್ಯ ಟಿವಿಯಿಂದ ಕಣ್ಣು ತೆಗೆದು ತಾಯಿಯ ಮುಖ ನೋಡಿದಳು.

"ಅಮ್ಮಾ, ನಾನ್ ಕರ್ದದ್ದಕ್ಕಾ ಅಪ್ಪಯ್ಯ ಬಾರ್ದೆ ಇಪ್ಪ್ದ್?"