ಕುಡಿತ ಬಿಟ್ಟ ಮೇಲೆ

ಅಂಗಡಿಗಳಿಗೆ ಬೋರ್ಡ್ ಬರೆಯುವುದು ಅವನ ಕಸುಬು. ಸದಾ ಬಣ್ಣ, ಕುಂಚ, ಟರ್ಪಂಟೈನ್‌ಗಳ ನಡುವೆಯೇ ಇರುತ್ತಿದ್ದುದರಿಂದ ಅವನ ಬಾಯಿಂದ ಬರುತ್ತಿದ್ದ ಇನ್ನೊಂದು ವಾಸನೆ ಬಹಳ ವರ್ಷ ಯಾರ ಮೂಗಿಗೂ ಬೀಳಲಿಲ್ಲ. ಹೆಂಡತಿಗೆ ಮಾತ್ರ ಗೊತ್ತಿತ್ತು. ಆಸ್ಪತ್ರೆಯಲ್ಲಿ ರಾಶಿ ರಾಶಿ ಹೊದಿಕೆಗಳಿಗೆ ಇಸ್ತ್ರಿ ಹಾಕಿ ಬಂದವಳು, ಅವನು ಏಣಿ ಹತ್ತಿದರೆ ಕೆಳಗೆ ನಿಂತು ಹಿಡಿದುಕೊಳ್ಳುತ್ತಿದ್ದಳು.

ಸಿಕ್ಕಿಬಿದ್ದದ್ದು ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ. ‘ದಂತ ವೈದ್ಯರು’ ಎಂದು ಬರೆಯಬೇಕಾದವನು ಸೊನ್ನೆ ಬಿಟ್ಟು ‘ದತ ವೈದ್ಯರು’ ಎಂದು ಬರೆದಿದ್ದ. ಬೀದಿಯವರೆಲ್ಲ ನಕ್ಕರು. ಡಾಕ್ಟರಮ್ಮ ಒಳಗೆ ಕರೆಸಿದರು.

“ಒಂದು ಸೊನ್ನೆ ತಾನೇ ಡಾಕ್ಟ್ರೇ, ಈಗಲೇ ಇಟ್ಟುಬಿಡ್ತೀನಿ.”

“ಸೊನ್ನೆ ಆಮೇಲೆ ಇಡಿ. ದಿನಾ ಜನರ ಬಾಯಿ ನೋಡೋಳು ನಾನು. ನಿಮ್ಮದು ಬಣ್ಣದ ವಾಸನೆ ಅಲ್ಲ.”

ಅವನು ತಲೆ ತಗ್ಗಿಸಿದ. ಅವರು ಕೈಗವಸು ಕಳಚುತ್ತ, ಅವನ ಕಡೆ ನೋಡದೆ ಹೇಳಿದರು: “ಲೈಬ್ರರಿ ಮೇಲ್ಗಡೆ ಸಾಯಂಕಾಲದ ಹೊತ್ತು ಕುಡಿತ ಬಿಡೋರು ಸೇರ್ತಾರೆ. ನಮ್ಮಣ್ಣನಿಗೂ ಹೇಳಿದ್ದೆ. ಹೋಗಲಿಲ್ಲ. ಈಗ ಅವನೇ ಇಲ್ಲ. ನೀವಾದ್ರೂ ಹೋಗಿ.”

ಹೆಂಡತಿಯೇ ಕರೆದುಕೊಂಡು ಹೋದಳು. ಅವನು ಮೆಟ್ಟಿಲು ಹತ್ತಿ, ಮಾತು ಕೇಳಿಬರುತ್ತಿದ್ದ ಮೊದಲ ಕೋಣೆಗೆ ನುಗ್ಗಿ ಹಿಂದಿನ ಕುರ್ಚಿಯಲ್ಲಿ ಕುಳಿತ. ದಪ್ಪನೆಯ ಒಬ್ಬರು ಎದ್ದುನಿಂತು ಕೂಗಾಡುತ್ತಿದ್ದರು: “ಸೋರ್ತಿರೋದು ನಿಮಗೂ ಗೊತ್ತು, ನನಗೂ ಗೊತ್ತು. ಒಪ್ಕೊಳ್ಳೋಕೆ ಏನ್ರೀ ಕಷ್ಟ? ಹೀಗೇ ಬಿಟ್ರೆ ಒಂದಿನ ಪೂರ್ತಿ ಕುಸಿದು ಬೀಳುತ್ತೆ!” ತನ್ನನ್ನೇ ಕುರಿತು ಹೇಳಿದಂತಾಗಿ ಅವನ ಕಣ್ಣು ತುಂಬಿಬಂತು. ಪಕ್ಕದಾಕೆ “ನೀವು ಯಾವ ಮಹಡಿ?” ಎಂದು ಕೇಳಿದಾಗಲೇ ಗೊತ್ತಾದದ್ದು, ಅದು ಲೈಬ್ರರಿಯ ಹಿಂದಿನ ಕಟ್ಟಡದ ನಿವಾಸಿಗಳು ಸೋರುವ ನೀರಿನ ತೊಟ್ಟಿಗಾಗಿ ಸೇರಿದ್ದ ಸಭೆ ಎಂದು.

ಕೆಳಗಿಳಿದು ಹೆಂಡತಿಗೆ ಹೇಳಿದ. ಅವಳು ಗೋಡೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಕೊನೆಯ ಸಲ ಯಾವಾಗ ನೋಡಿದ್ದನೋ ಅವನಿಗೆ ನೆನಪಾಗಲಿಲ್ಲ. “ಇನ್ನೊಂದು ಬಾಗಿಲು ಇರಬೇಕು, ನಡೀರಿ” ಎಂದು ಬೆನ್ನಿಗೆ ಕೈಕೊಟ್ಟು ಮತ್ತೆ ಹತ್ತಿಸಿದಳು.

ಆ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಒಟ್ಟಿದ್ದರು. ಅವುಗಳ ನಡುವೆ ಒಂದಷ್ಟು ಜನ ಸುತ್ತ ಕುಳಿತಿದ್ದರು. ನಡೆಸುತ್ತಿದ್ದವರು ನಿವೃತ್ತ ಬಸ್ ಡ್ರೈವರ್. “ಮಾತಾಡಲೇಬೇಕು ಅಂತೇನಿಲ್ಲ ತಮ್ಮಾ. ಕೂತ್ಕೋ ಸಾಕು” ಎಂದರು. ಅವನು ಕುಳಿತ. ಬೇರೆಯವರು ತಮ್ಮ ತಮ್ಮ ಮನೆ ಹಾಳಾದ ಕಥೆಯನ್ನು ತರಕಾರಿ ಬೆಲೆ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದುದನ್ನು ಕೇಳಿ ಅವನಿಗೆ ದಿಗಿಲಾಯಿತು. ಆದರೂ ಮರುದಿನ ಹೋದ. ಅದರ ಮರುದಿನವೂ ಹೋದ. ಮೈ ನಡುಗಿತು, ಅನ್ನ ಸೇರಲಿಲ್ಲ, ಎರಡು ಸಲ ಜಾರಿ ಮತ್ತೆ ಕುಡಿದ. ಹೆಂಡತಿ ಮಾತ್ರ ದಿನವೂ ಕೆಳಗಿನ ಮೆಟ್ಟಿಲ ಮೇಲೆ ಕಾಯುತ್ತ ಕುಳಿತಿರುತ್ತಿದ್ದಳು.

ವರ್ಷ ತಿರುಗುವ ಹೊತ್ತಿಗೆ ಕೈ ನೆಟ್ಟಗಾಯಿತು. ಅಕ್ಷರಗಳು ಮೊದಲಿನ ಹಾಗೆ ದುಂಡಗೆ ಕೂರತೊಡಗಿದವು. ಒಂದು ಬೆಳಿಗ್ಗೆ ಅವನು ಎದ್ದು ನೋಡಿದರೆ ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

“ಎಲ್ಲಿಗೇ?”

“ಮಗಳ ಮನೆಗೆ.”

“ಯಾವಾಗ ಬರ್ತೀಯಾ?”

ಅವಳು ಕೈ ನಿಲ್ಲಿಸಲಿಲ್ಲ. “ಬರಲ್ಲ ರೀ.”

“ಈಗ ಬಿಟ್ಟಿದೀನಲ್ಲೇ.”

“ಬಿಟ್ಟಿದೀರಿ. ಅದಕ್ಕೇ ಹೋಗ್ತಿದೀನಿ. ಮೊದಲೇ ಹೋಗಿದ್ರೆ ಎಲ್ಲೋ ಬಿದ್ದು ಸತ್ತಿರ್ತಿದ್ರಿ. ಆ ಪಾಪ ನನಗೆ ಬೇಡ ಅಂತ ಕಾದೆ.”

“ಇನ್ನೂ ಸಿಟ್ಟಾ ನನ್ನ ಮೇಲೆ?”

“ಸಿಟ್ಟಾದ್ರೂ ಇದ್ದಿದ್ರೆ ಇರ್ತಿದ್ದೆನೇನೋ. ನೀವು ಉಸಿರಾಡ್ತಿದೀರೋ ಇಲ್ವೋ ಅಂತ ಕಿವಿಗೊಟ್ಟು ಕಿವಿಗೊಟ್ಟು ನನಗೆ ನಿದ್ದೆ ಅನ್ನೋದೇ ಮರೆತುಹೋಗಿದೆ. ಈಗಲೂ ನೀವು ಮಗ್ಗುಲು ಬದಲಿಸಿದ್ರೆ ಎದ್ದು ಕೂತ್ಕೊಳ್ತೀನಿ. ನನ್ನ ಕೈಲಿ ಇನ್ನಾಗಲ್ಲ.”

ಅವನು ಚೀಲ ಹೊತ್ತು ಬಸ್ ನಿಲ್ದಾಣದವರೆಗೂ ಹೋದ. ಬಸ್ಸು ಹೊರಟಾಗ ಅವಳು ಕಿಟಕಿಯಿಂದ, “ಒಲೆ ಮೇಲೆ ಸಾರಿದೆ, ಬಿಸಿ ಮಾಡ್ಕೊಳ್ಳಿ” ಎಂದಳು.

ವಾಪಸು ಬರುವ ದಾರಿಯಲ್ಲಿ ಹೆಂಡದಂಗಡಿ ತೆರೆದಿತ್ತು. ಅದರ ಬೋರ್ಡು ಅವನೇ ಬರೆದದ್ದು. ಅದರ ಮುಂದೆ ಎಷ್ಟೋ ಹೊತ್ತು ನಿಂತಿದ್ದ. ಒಳಗಿನಿಂದ ಯಾರೋ ಹಳೆಯ ಸಲಿಗೆಯಲ್ಲಿ ಕರೆದರು. ಅವನು ಲೈಬ್ರರಿಗೆ ಹೋಗಿ, ಇನ್ನೂ ಬೀಗ ತೆಗೆಯದ ಬಾಗಿಲ ಮುಂದೆ ಸಂಜೆಯವರೆಗೆ ಕುಳಿತ.

ಅಂದು ಮೊದಲ ಸಲ ಸಭೆಯಲ್ಲಿ ಬಾಯಿ ಬಿಟ್ಟ. “ನನ್ನ ಹೆಂಡತಿ ಹೋದಳು.”

ಡ್ರೈವರ್ ಕೇಳಿದರು, “ಕುಡಿದ್ಯಾ?”

“ಇಲ್ಲ.”

ಪಕ್ಕದಲ್ಲಿದ್ದವನು ಕುರ್ಚಿಯನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡ, ಅಷ್ಟೇ.

ಮರುದಿನ ಮಧ್ಯಾಹ್ನ ಮಗಳಿಗೆ ಫೋನ್ ಮಾಡಿದ.

“ಅಮ್ಮ ಮಲಗಿದಾಳಪ್ಪ. ನಿನ್ನೆ ಬಂದವಳು ಮಲಗೇ ಇದಾಳೆ. ಊಟಕ್ಕೂ ಏಳಲಿಲ್ಲ. ಎಬ್ಬಿಸ್ಲಾ?”

“ಬೇಡಮ್ಮ” ಎಂದ. “ಮಲಗಲಿ ಬಿಡು.”

ಫೋನಿಟ್ಟು, ಯಾರೂ ಹಿಡಿಯದ ಏಣಿಯನ್ನು ತಾನೇ ಗೋಡೆಗೆ ಒರಗಿಸಿ, ಎರಡು ಸಲ ಅಲುಗಾಡಿಸಿ ನೋಡಿ ಹತ್ತಿದ. ಅವಳು ಮರಳಿ ಬರಲಿಲ್ಲ. ಅವನು ಸಭೆಗೆ ಹೋಗುವುದನ್ನು ಬಿಡಲಿಲ್ಲ. ಹೊಸಬರು ಬಂದು, ಬಿಟ್ಟ ಮೇಲೆ ಎಲ್ಲಾ ಸರಿಹೋಗುತ್ತಾ ಎಂದು ಕೇಳಿದರೆ ಅವನು ಪಕ್ಕದ ಖಾಲಿ ಕುರ್ಚಿ ತೋರಿಸುತ್ತಾನೆ.