ಊರುಗೋಲಿಲ್ಲದ ಗಿರಾಕಿ

2018ರ ಫೆಬ್ರವರಿ 6, ಮಂಗಳವಾರ, ಬೆಳಿಗ್ಗೆ 9 ಗಂಟೆ 15 ನಿಮಿಷಕ್ಕೆ ಜರ್ಮನಿಯ ಲೈಪ್‌ಜಿಗ್‌ನ ಕಂಪನಿಯಿಂದ ಜಿತಾಳಿಗೆ ಫೋನು ಬಂತು. ಪೋಲಿಷ್, ಜರ್ಮನ್ ಎರಡನ್ನೂ ಸಲೀಸಾಗಿ ಆಡುವ ಆರು ಜನ ಹತ್ತು ದಿನದೊಳಗೆ ಬೇಕಾಗಿದ್ದರು. ಗಿರಾಕಿಯ ಸೋಗಿನಲ್ಲಿ ಅಂಗಡಿಗೆ ಹೋಗಿ, ಅಲ್ಲಿಯವರು ಹೇಗೆ ನಡೆಸಿಕೊಂಡರೆಂದು ಗುಟ್ಟಾಗಿ ವರದಿ ಬರೆದುಕೊಡುವ ಕೆಲಸ. ಅಂಥ ಗುಟ್ಟಿನ ಗಿರಾಕಿಗಳನ್ನು ಹುಡುಕುವುದು, ಪಳಗಿಸುವುದು, ಅವರ ವರದಿಯನ್ನು ಪರಿಶೀಲಿಸಿ ಮುಂದಕ್ಕೆ ಕಳಿಸುವುದು ಜಿತಾಳ ಪಾಲಿನದು. ವಿದ್ಯುತ್ ಸ್ಥಾವರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷ ದುಡಿದಿದ್ದಳು. ಅದು ಮುಚ್ಚಿದ ಮೇಲೆ ಐವತ್ತೆರಡರ ಹೆಂಗಸಿಗೆ ಗಡಿನದಿಯ ಈಚೆ ದಡದ ಪೋಲಿಷ್ ಊರು ಜ್ಗೊಜೆಲೆಟ್ಸ್‌ನಲ್ಲಿ ಸಿಕ್ಕಿದ್ದು ಇದೊಂದೇ.

ಈ ಸಲದ ಪರೀಕ್ಷೆ ನದಿಯಾಚೆಯ ಜರ್ಮನ್ ಊರಿನಲ್ಲಿ, ಸೋಪು, ಕ್ರೀಮು, ಬಟ್ಟೆಪುಡಿ ಮಾರುವ ಮಳಿಗೆಗಳಲ್ಲಿ. ಅಲ್ಲಿಯ ಗಿರಾಕಿಗಳಲ್ಲಿ ಅರ್ಧ ಜನ ಸೇತುವೆ ದಾಟಿ ಹೋಗುವ ಪೋಲಿಷರು. ಡಬ್ಬದ ಮೇಲಿನ ಹೆಸರು ಒಂದೇ ಆದರೂ ಜರ್ಮನ್ ಕಡೆಯ ಪುಡಿಯೇ ಕೊಳೆ ಬಿಡಿಸುವುದೆಂದು ಜ್ಗೊಜೆಲೆಟ್ಸ್‌ನ ಹೆಂಗಸರು ಆಣೆಯಿಟ್ಟು ಹೇಳುತ್ತಾರೆ. ಇವರಿಗೆ ಅಲ್ಲಿ ಮರ್ಯಾದೆ ಸಿಗುತ್ತಿದೆಯೇ, ಇವರ ಭಾಷೆಯಲ್ಲಿ ಉತ್ತರ ಸಿಗುತ್ತಿದೆಯೇ ಎಂದು ಮಾಲೀಕರಿಗೆ ತಿಳಿಯಬೇಕಿತ್ತು.

ಮಳಿಗೆಗಳ ಪಟ್ಟಿಯಲ್ಲಿ ಮೂರನೆಯದನ್ನು ಓದಿ ಜಿತಾ ಕನ್ನಡಕ ತೆಗೆದಿಟ್ಟಳು. ಅವಳ ಅತ್ತಿಗೆ ಇರ್ಮಿನಾ ಕೆಲಸಕ್ಕಿದ್ದದ್ದು ಅಲ್ಲೇ. ಅಣ್ಣ ತೀರಿಕೊಂಡು ಮೂರು ವರ್ಷವಾದ ಮೇಲೆ ಕಷ್ಟಪಟ್ಟು ಸಿಕ್ಕ ಕೆಲಸ. ಆರು ತಿಂಗಳ ಪರೀಕ್ಷಾವಧಿ ಫೆಬ್ರವರಿ ಕೊನೆಗೆ ಮುಗಿಯುತ್ತಿತ್ತು. ಈ ವರದಿ ನೋಡಿಯೇ ಖಾಯಂ ಮಾಡುವುದೋ ಬಿಡುವುದೋ ಎಂದು ವ್ಯವಸ್ಥಾಪಕ ಆಗಲೇ ಹೇಳಿದ್ದನಂತೆ. ಬಂಧುಗಳಿರುವ ಅಂಗಡಿಯ ಪರೀಕ್ಷೆಯನ್ನು ಒಪ್ಪಿಕೊಳ್ಳಬಾರದು ಎಂಬ ನಿಯಮವಿತ್ತು. ಆದರೆ ಜಿತಾಳ ಅಡ್ಡಹೆಸರು ಅವಳ ಗಂಡನದು, ಇರ್ಮಿನಾಳದು ಅಣ್ಣನದು. ಲೈಪ್‌ಜಿಗ್‌ನವರಿಗೆ ಈ ನಂಟು ತಿಳಿಯುವ ದಾರಿ ಇರಲಿಲ್ಲ. ಅವಳೂ ತಿಳಿಸಲಿಲ್ಲ.

ಬೇಕರಿಯ ಗಾಜಿಗೂ ಗ್ರಂಥಾಲಯದ ಫಲಕಕ್ಕೂ ಚೀಟಿ ಅಂಟಿಸಿದಳು. ಬಂದವರನ್ನು ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಕೂರಿಸಿ ಮಾತಾಡಿಸಿದಳು. ಮೊದಲನೆಯವಳು ಕೊಂಡ ಸಾಮಾನು ತನಗೇ ಉಳಿಯುವುದೋ ಹೇಗೋ ಎಂದು ಮೂರು ಸಲ ಕೇಳಿದಳು. ಇನ್ನೊಬ್ಬನ ಜರ್ಮನ್ ಸೊಗಸಾಗಿತ್ತು, ಆದರೆ ಅವನನ್ನು ಬಿಟ್ಟುಹೋದ ಹೆಂಡತಿ ಅದೇ ಮಳಿಗೆಯ ಕಾವಲುಗಾರನನ್ನು ಕಟ್ಟಿಕೊಂಡಿದ್ದಳು. ಟ್ಯಾಕ್ಸಿಯವನೊಬ್ಬ ತಾನಾಗಿಯೇ ಕೈಚೆಲ್ಲಿದ.

"ನಂಗೆ ಗುಟ್ಟಿನ ಕೆಲಸ ಆಗ್ಬರಲ್ಲ ಅಕ್ಕಾ. ಸೇತುವೆ ಆಚೆ ನಾಯಿಗಳೂ ನನ್ನ ಗುರುತು ಹಿಡಿದು ಬಾಲ ಆಡಿಸ್ತವೆ."

ಹೇಗೋ ಐದು ಜನ ಸಿಕ್ಕರು. ಆರನೆಯವರಾಗಿ ಬಂದವರನ್ನು ನೋಡಿ ಜಿತಾ ತನಗರಿವಿಲ್ಲದೆ ಎದ್ದು ನಿಂತಳು. ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದ ತೆಓದೋಜಿಯಾ, ಈಗ ಎಪ್ಪತ್ತೊಂದರ ಮುದುಕಿ. ಮಂಡಿ ಸೋತು ಕೈಗೆ ಊರುಗೋಲು ಬಂದಿತ್ತು. ಜರ್ಮನ್ ಅವರಿಗೆ ಅಜ್ಜಿಯಿಂದ ಬಂದ ಭಾಷೆ. ಗುಡ್ಡದ ಕಡೆಯ ಹಳ್ಳಿಯಲ್ಲಿದ್ದವರು, ನದಿಯಾಚೆ ಕಾಲಿಟ್ಟವರಲ್ಲ.

"ಹಣಕ್ಕೆ ಅಂತ ಬಂದಿಲ್ಲ ಕಣೆ," ಎಂದರು. "ಮನೇಲಿ ಅಳೆಯೋದಕ್ಕೆ ಏನೂ ಉಳಿದಿಲ್ಲ."

ಜಿತಾ ತಾನೇ ಬರೆದ ನಿಯಮಗಳ ಹಾಳೆಯನ್ನು ಅವರ ಮುಂದಿಟ್ಟಳು. ನೌಕರರಿಂದ ಮೂರು ಹೆಜ್ಜೆ ದೂರದಲ್ಲಿ ನಿಲ್ಲಬೇಕು. ತಾನಾಗಿ ಕರೆಯಬಾರದು. ಅವರು ಮಾತಾಡಿಸುವವರೆಗಿನ ಹೊತ್ತನ್ನು ಗಡಿಯಾರ ಹಿಡಿದು ಅಳೆಯಬೇಕು. ಸುಲಭವಾಗಿ ಗುರುತು ಸಿಗುವಂಥ ವಸ್ತು ಏನನ್ನೂ ಒಯ್ಯಬಾರದು. ತೆಓದೋಜಿಯಾ ಎರಡು ಸಲ ಓದಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು.

ಮೂರನೆಯ ಮಳಿಗೆಗೆ ಜಿತಾ ಅವರನ್ನೇ ಗೊತ್ತುಮಾಡಿದಳು. ಹದಿನಾಲ್ಕು ವರ್ಷದಲ್ಲಿ ಯಾರನ್ನೂ ಹೊಗಳದ ಕೈ ಅದು. ಆ ಕೈ ಇರ್ಮಿನಾಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದರೆ ಅದಕ್ಕೆ ತೂಕವೇ ಬೇರೆ. ಇರ್ಮಿನಾ ಯಾವತ್ತಿನಂತೆ ಇದ್ದಿದ್ದರೂ ಸಾಕಾಗಿತ್ತು; ಯಾರು ಪಕ್ಕಕ್ಕೆ ಬಂದರೂ ನಗುಮುಖದಿಂದ ತಿರುಗುವ ಹೆಂಗಸು ಅವಳು. ಆದರೂ ಜಿತಾಳ ಜೀವ ತಡೆಯಲಿಲ್ಲ. ಭಾನುವಾರ ಕೋಳಿ ಸಾರಿನ ಮುಂದೆ ಕೂತಾಗ ಬಾಯಿಬಿಟ್ಟಳು.

"ಅತ್ತಿಗೆ, ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ. ಗುರುವಾರ ಹತ್ತೂವರೆ ಹೊತ್ತಿಗೆ ಒಬ್ರು ವಯಸ್ಸಾದ ಹೆಂಗಸು ಬರ್ತಾರೆ. ಕೈಯಲ್ಲಿ ಊರುಗೋಲು. ಒಣಚರ್ಮಕ್ಕೆ ಕ್ರೀಮು ಕೇಳ್ತಾರೆ."

ಇರ್ಮಿನಾ ಚಮಚ ಕೆಳಗಿಟ್ಟಳು. "ಊರುಗೋಲಿನ ಅಜ್ಜೀನಾ? ತಲೆ ಮೇಲೆ ಹೊತ್ತು ಮೆರೆಸ್ತೀನಿ ಬಿಡು. ನಿಂಗೇನೂ ತೊಂದರೆ ಆಗಲ್ಲ ತಾನೆ?"

"ನೀವು ಬಾಯಿಬಿಟ್ರೆ ಮಾತ್ರ," ಎಂದು ಜಿತಾ ನಕ್ಕಳು.

ಇಪ್ಪತ್ತೆರಡನೆಯ ತಾರೀಕು ಗುರುವಾರ ಮಧ್ಯಾಹ್ನ ಇರ್ಮಿನಾ ಊಟದ ಬಿಡುವಿನಲ್ಲಿ ಫೋನು ಮಾಡಿದಳು. ದನಿಯಲ್ಲೇ ಹಬ್ಬ. ಅಜ್ಜಿ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೇ ಬಂದರಂತೆ. ಇವಳು ಒಳಗಿನಿಂದ ಕುರ್ಚಿ ತಂದು ಕೂರಿಸಿದಳಂತೆ. ಏಳು ಬಗೆಯ ಕ್ರೀಮಿನ ಡಬ್ಬಗಳನ್ನು ಒಂದೊಂದಾಗಿ ಪೋಲಿಷಿನಲ್ಲಿ ಓದಿ ಹೇಳಿ, ಅಜ್ಜಿಯ ಮಗನ ಕಥೆ, ಸೊಸೆಯ ಕಥೆ ಎಲ್ಲ ಕೇಳಿದಳಂತೆ.

"ಹೋಗೋವಾಗ ಕೆನ್ನೆಗೆ ಮುತ್ತು ಕೊಟ್ಟು ಹೋದ್ರು ಕಣೆ. ಎಂಥಾ ಪ್ರೀತಿಯ ಜೀವ!"

ಜಿತಾ ಕಂಡ ತೆಓದೋಜಿಯಾ ನಿವೃತ್ತಿಯ ದಿನ ಕೂಡ ಯಾರ ಕೈಯನ್ನೂ ಕುಲುಕಿದವರಲ್ಲ.

ವರದಿ ಬಂದದ್ದು ಸಂಜೆ ನಾಲ್ಕು ಗಂಟೆಗೆ. 10 ಗಂಟೆ 31 ನಿಮಿಷಕ್ಕೆ ಮಳಿಗೆ ಪ್ರವೇಶ. ಪೋಲಿಷ್ ಬಲ್ಲ ನೌಕರಳು ಊರುಗೋಲು ಹಿಡಿದ ಒಬ್ಬ ಗಿರಾಕಿಯೊಡನೆ ಮಾತಿನಲ್ಲಿ ಮುಳುಗಿದ್ದಳು. ನಿಯಮದಂತೆ ಮೂರು ಹೆಜ್ಜೆ ದೂರದಲ್ಲಿ ನಿಂತೆ. ನೌಕರಳು ತಲೆಯೆತ್ತಿ ನೋಡಲಿಲ್ಲ. ಕಾದ ಸಮಯ 9 ನಿಮಿಷ 20 ಸೆಕೆಂಡು. ಆಮೇಲೆ ನನ್ನತ್ತ ಒಮ್ಮೆ ನೋಡಿ, "ಸ್ವಲ್ಪ ಇರಿ" ಎಂದು ಹೇಳಿ, ಮತ್ತೆ ಮೊದಲಿನ ಗಿರಾಕಿಯ ಕಡೆ ತಿರುಗಿದಳು. ನಿಯಮದ ಪ್ರಕಾರ ಮಿತಿ ಎರಡು ನಿಮಿಷ.

ಜಿತಾ ತೆಓದೋಜಿಯಾಗೆ ಫೋನು ಮಾಡಿ, ಊರುಗೋಲು ಒಯ್ಯಲಿಲ್ಲವೇ ಎಂದು ಕೇಳಿದಳು.

"ಗುರುತು ಸಿಗೋ ವಸ್ತು ಬೇಡ ಅಂತ ನೀನೇ ಬರ್ದಿದ್ದೀಯಲ್ಲ. ಸೇತುವೆ ಕಂಬಿ ಹಿಡ್ಕೊಂಡೇ ಹೋದೆ. ಮಂಡಿ ಇನ್ನೂ ನೋಯ್ತಿದೆ."

"ಗಡಿಯಾರ ಸರಿಯಾಗಿದೆಯಾ ಮೇಡಂ?"

"ದಿನಕ್ಕೆ ಎರಡು ಸೆಕೆಂಡು ಮುಂದೆ ಓಡುತ್ತೆ. ಒಂಬತ್ತು ನಿಮಿಷಕ್ಕೆ ಅದು ಲೆಕ್ಕಕ್ಕಿಲ್ಲ." ಆಮೇಲೆ ಅವರೇ ಕೇಳಿದರು: "ಅಂಕಿ ಬದಲಾಯಿಸ್ಬೇಕಾ ಜಿತಾ?"

ಬೇಡ ಮೇಡಂ ಎಂದು ಜಿತಾ ಫೋನಿಟ್ಟಳು.

ಅಂಕಿ ಬದಲಾಯಿಸುವ ಅಗತ್ಯವೂ ಇರಲಿಲ್ಲ. ಪರಿಶೀಲಕಿ ತುಂಬಬೇಕಾದ ಪುಟದಲ್ಲಿ ಕೊನೆಯ ಪ್ರಶ್ನೆಯೊಂದಿತ್ತು: ಈ ಭೇಟಿಯ ಸುಳಿವು ಮಳಿಗೆಯವರಿಗೆ ಮೊದಲೇ ಸಿಕ್ಕಿತ್ತೇ? ಹೌದು ಎಂದರೆ ಆ ಭೇಟಿ ರದ್ದಾಗುತ್ತಿತ್ತು. ಐದು ದಿನದೊಳಗೆ ಬೇರೊಬ್ಬ ಗಿರಾಕಿ ಹೋಗುತ್ತಿದ್ದ. ಇರ್ಮಿನಾ ಎಂದಿನಂತೆ ನಕ್ಕು ತಿರುಗುತ್ತಿದ್ದಳು. ಆದರೆ ಹೌದು ಎಂದವರು ಅದರ ಕೆಳಗಿನ ಸಾಲನ್ನೂ ತುಂಬಬೇಕಿತ್ತು: ಯಾರಿಂದ? ಆ ಸಾಲಿನಲ್ಲಿ ಹೆಸರು ಬಿದ್ದವರಿಗೆ ಲೈಪ್‌ಜಿಗ್‌ನಿಂದ ಮತ್ತೆ ಫೋನು ಬರುತ್ತಿರಲಿಲ್ಲ. ಕಿಟಕಿಯಾಚೆ ಬಸ್ಸುಗಳು ಬಂದವು, ಹೋದವು. ಟೀ ಆರಿ ಕೆನೆ ಕಟ್ಟಿತು. ಕೊನೆಗೆ ಜಿತಾ "ಇಲ್ಲ" ಎಂಬುದಕ್ಕೆ ಗುರುತು ಹಾಕಿ ವರದಿ ಕಳಿಸಿದಳು.

ತಿಂಗಳ ಕೊನೆಯ ದಿನ ಇರ್ಮಿನಾ ಕೋಟನ್ನೂ ಬಿಚ್ಚದೆ ಜಿತಾಳ ಅಡುಗೆಮನೆಯಲ್ಲಿ ಬಂದು ಕೂತಳು. ನಾಳೆಯಿಂದ ಬರಬೇಕಿಲ್ಲ ಎಂಬ ಕಾಗದ ಕೈಯಲ್ಲಿತ್ತು. ಗಿರಾಕಿಯನ್ನು ಕಡೆಗಣಿಸಿದ್ದು ಅದರಲ್ಲಿ ಕೊಟ್ಟ ಕಾರಣ.

"ಯಾರೋ ಪಕ್ಕದಲ್ಲಿ ನಿಂತಿದ್ಲಂತೆ. ಒಂಬತ್ತು ನಿಮಿಷ ನಾನು ನೋಡ್ಲೇ ಇಲ್ವಂತೆ. ನಿನ್ನ ಅಜ್ಜಿ ಇದ್ದ ಹೊತ್ತಿಗೇ ಇನ್ನೊಬ್ಬಳನ್ನ ಯಾರೇ ಕಳಿಸಿದ್ದು?"

ಜಿತಾ ಒಲೆಯ ಕಡೆ ತಿರುಗಿ ನೀರಿಟ್ಟಳು. "ಒಮ್ಮೊಮ್ಮೆ ಇಬ್ಬರನ್ನ ಕಳಿಸ್ತಾರೆ ಅತ್ತಿಗೆ. ನಮಗೂ ಹೇಳಲ್ಲ."

"ಹಾಳಾದೋರು." ಇರ್ಮಿನಾ ಕಾಗದ ಮಡಚಿದಳು. ಎದ್ದು ಬಂದು ನಾದಿನಿಯ ಭುಜದ ಮೇಲೆ ಕೈಯಿಟ್ಟಳು. "ನೀನ್ಯಾಕೆ ಮುಖ ಸಣ್ಣದು ಮಾಡ್ಕೋತೀಯ? ನಿನ್ನ ಕೆಲಸ ಹೋದ್ರೂ ಹೋಗ್ಲಿ ಅಂತ ನಂಗೆ ಹೇಳ್ದೆ. ನಿನ್ನಣ್ಣ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ."

ಅವಳು ಹೋದ ಮೇಲೆ ಜಿತಾ ಆ ವರದಿಯನ್ನು ಮತ್ತೊಮ್ಮೆ ತೆರೆದಳು. ಬದಲಿಸಲು ಈಗ ಏನೂ ಉಳಿದಿರಲಿಲ್ಲ. ಪುಟದ ಬುಡದಲ್ಲಿ, ಯಾರೂ ಓದದ ಸಣ್ಣ ಅಕ್ಷರದಲ್ಲಿ, ಕಂಪ್ಯೂಟರು ತಾನಾಗಿಯೇ ಬರೆದುಕೊಂಡ ಸಾಲೊಂದಿತ್ತು. ಪರಿಶೀಲನೆಗೆ ತೆಗೆದುಕೊಂಡ ಸಮಯ: 41 ನಿಮಿಷ.